ವಿ.ಆರ್. ಇರುವ 24–70 ಕೊಳ್ಳುವ ಮುನ್ನ
ನಿಕಾನ್ 24–70 ಮಿ.ಮೀ. ಎಫ್/2.8 ಲೆನ್ಸಿನ ಹಳೆಯ 'ಜಿ' ಮಾದರಿ ಇರುವವರು 2015ರಲ್ಲಿ ಬಂದ ವಿ.ಆರ್. (ವೈಬ್ರೇಷನ್ ರಿಡಕ್ಷನ್, ಅಂದರೆ ಅಲುಗಾಟ ತಗ್ಗಿಸುವ ವ್ಯವಸ್ಥೆ) ಸಹಿತ 'ಇ' ಮಾದರಿಗೆ ಹಣ ಸುರಿಯುವ ಮುನ್ನ, ತಾವು ಹೆಚ್ಚಾಗಿ ಏನನ್ನು ತೆಗೆಯುತ್ತೇವೆಂದು ಯೋಚಿಸಿ. ವಿ.ಆರ್. ತಡೆಯುವುದು ನಿಮ್ಮ ಕೈನಡುಕವನ್ನಷ್ಟೇ. ಮಬ್ಬುಗತ್ತಲ ಗುಡಿಯ ಕಂಬವನ್ನು 1/15 ಸೆಕೆಂಡಿನ ಶಟರ್ ವೇಗದಲ್ಲಿ ಕೈಯಲ್ಲೇ ಹಿಡಿದು ತೆಗೆಯಬಹುದು. ಯಕ್ಷಗಾನದ ವೇಷಧಾರಿ ಗಿರಕಿ ಹೊಡೆಯುವಾಗ ಅದೇ ವೇಗ ಇಟ್ಟರೆ ಸಿಗುವುದು ಬರೀ ಬಣ್ಣದ ಕಲೆ. ಅಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಿ 1/500 ಸೆಕೆಂಡಿಗೆ ಹೋಗುವುದೇ ದಾರಿ, ಲೆನ್ಸ್ ಯಾವುದಾದರೂ ಸರಿ.

ತೂಕ 900ರಿಂದ 1070 ಗ್ರಾಂಗೆ ಏರಿದೆ. ಫಿಲ್ಟರ್ ಅಳತೆ 77ರ ಬದಲು 82 ಮಿ.ಮೀ.; ಹಳೆಯ ಪೋಲರೈಸರ್ ಫಿಲ್ಟರ್ (ಪ್ರತಿಫಲನ ತಗ್ಗಿಸುವ ಗಾಜು) ಕೂರುವುದಿಲ್ಲ (ಹೊಸದರ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ!). ಇನ್ನೊಂದು ಮಾತು: ನಿಕಾನಿನ ಡಿ90, ಡಿ200 ಹಾಗೂ ಫಿಲ್ಮ್ ಕ್ಯಾಮೆರಾಗಳಲ್ಲಿ 'ಇ' ಲೆನ್ಸಿನ ಅಪರ್ಚರ್ (ಬೆಳಕು ಒಳಬಿಡುವ ರಂಧ್ರದ ಅಳತೆ) ಬದಲಿಸಲಾಗದು.