ಇಂಗ್ಲೆಂಡಿನಲ್ಲಿ ಕ್ರೈಸಿಸ್ ಟೀಮ್: ಮೈಸೂರು, ಮಂಡ್ಯದಿಂದ ಹೋದವರಿಗೆ

ನಮ್ಮ ಕಡೆ ಮಾನಸಿಕ ಕಾಯಿಲೆ ಜೋರಾದರೆ ದಾರಿ ಗೊತ್ತಿರುತ್ತದೆ. ಮೈಸೂರಿನವರು ಕೆ.ಆರ್. ಆಸ್ಪತ್ರೆಗೆ, ಮಂಡ್ಯದವರು ಮಿಮ್ಸ್‌ಗೆ ಹೋಗುತ್ತಾರೆ. ಕೈಮೀರಿತು ಅನ್ನಿಸಿದರೆ ನಿಮ್ಹಾನ್ಸ್. ಅಮ್ಮನೋ ಅಣ್ಣನೋ ಜೊತೆಗೇ ಉಳಿಯುತ್ತಾರೆ. ಇಂಗ್ಲೆಂಡಿನಲ್ಲಿ ಲೆಕ್ಕವೇ ಬೇರೆ. ವಾರ್ಡಿಗೆ ಸೇರಿಸುವ ಮೊದಲು, ಮನೆಯಲ್ಲೇ ನೋಡಿಕೊಳ್ಳಲು ಆಗುತ್ತದಾ ಎಂದು ಯೋಚಿಸುತ್ತಾರೆ. ಆ ಕೆಲಸಕ್ಕೆಂದೇ ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಕ್ರೈಸಿಸ್ ಟೀಮ್ ಇದೆ. ನರ್ಸ್, ಮನೋವೈದ್ಯರು, ಸೋಷಿಯಲ್ ವರ್ಕರ್ ಎಲ್ಲ ಅದರಲ್ಲಿರುತ್ತಾರೆ. ಬೇಕಾದರೆ ದಿನಾ ಬರುತ್ತಾರೆ, ಕೆಲವು ವಾರ ನೋಡಿಕೊಳ್ಳುತ್ತಾರೆ. ಸೇರಿಸಿಕೊಳ್ಳದೆ ಸಾಗಹಾಕಿದರು ಅಂತ ಬೇಜಾರು ಮಾಡಿಕೊಳ್ಳಬೇಡಿ. ಆಸ್ಪತ್ರೆಯ ಬದಲಿಗೆ ಕೊಡುವ ಚಿಕಿತ್ಸೆಯೇ ಇದು.

ಶುರು ಮಾಡುವುದು ಸುಲಭ. ಎನ್‌ಎಚ್‌ಎಸ್‌ನ 111ಕ್ಕೆ ಫೋನ್ ಮಾಡಿ, ಮಾನಸಿಕ ಆರೋಗ್ಯಕ್ಕೆ 2 ಒತ್ತಿ. ಹಗಲು ರಾತ್ರಿ ಯಾರಾದರೂ ಇರುತ್ತಾರೆ. ಮನೆಯವರೂ ಮಾಡಬಹುದು. ಬಾಯಿಬಿಟ್ಟು ಮಾತಾಡಲು ಆಗದವರು 'ಶೌಟ್' (SHOUT) ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು 85258ಕ್ಕೆ ಮೆಸೇಜ್ ಹಾಕಬಹುದು. ಜೀವಕ್ಕೇ ಅಪಾಯ ಇದ್ದರೆ ಇದ್ಯಾವುದೂ ಬೇಡ, ನೇರವಾಗಿ ತುರ್ತು ನಂಬರ್ 999. ರೋಗಿಗೆ ಇಂಗ್ಲಿಷ್ ತೊಡಕಾದರೆ ಕನ್ನಡ ಇಂಟರ್ಪ್ರಿಟರ್ ಬೇಕು ಎಂದು ಮೊದಲ ಕರೆಯಲ್ಲೇ ಹೇಳಿಬಿಡಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಗಂಡನೋ ಮಗನೋ ನಡುವೆ ನಿಂತು ಅನುವಾದ ಮಾಡಿದರೆ, ಸಾಯಬೇಕು ಅನ್ನಿಸುತ್ತಿದೆ ಎಂಬ ಮಾತು ಅರ್ಧದಲ್ಲೇ ಸೋರಿಹೋಗುತ್ತದೆ.

ಇಷ್ಟಾದ ಮೇಲೆ ಅರ್ಧ ಚಿಕಿತ್ಸೆ ಫೋನಿನಲ್ಲೇ ನಡೆಯಬಹುದು. ಇಲ್ಲಿ ಒಂದು ಸಣ್ಣ ವಿಷಯ ದೊಡ್ಡದಾಗುತ್ತದೆ. ಟೀಮಿನ ಕರೆ ಎಷ್ಟೋ ಸಲ ನಂಬರ್ ಕಾಣದ ಹಾಗೆ ಬರುತ್ತದೆ. ಗೊತ್ತಿಲ್ಲದ ಕರೆ ಕಟ್ ಮಾಡುವುದು ನಮಗೆಲ್ಲ ಅಭ್ಯಾಸ, ಅಲ್ವಾ? ಈ ವಾರಗಳಲ್ಲಿ ಮಾತ್ರ ಎತ್ತಿ. ಎತ್ತದೇ ಇದ್ದರೆ, ಏನಾಯಿತೋ ಎಂದು ಮನೆ ಬಾಗಿಲಿಗೇ ಬರಬಹುದು, ಪೊಲೀಸರನ್ನು ಕಳಿಸಲೂಬಹುದು.

ವಿಡಿಯೋ ಕಾಲ್‌ನಲ್ಲಿ ಡಾಕ್ಟರು ನೋಡುವುದೂ ಉಂಟು. ಎಲ್ಲರಿಗೂ ಅದು ಒಗ್ಗುವುದಿಲ್ಲ. ತನ್ನ ಮಾತನ್ನು ಯಾರೋ ಫೋನಿನಲ್ಲಿ ಕದ್ದು ಕೇಳುತ್ತಿದ್ದಾರೆ ಎಂದು ನಂಬಿರುವವರ ಮುಂದೆ ಫೋನ್ ಹಿಡಿದರೆ ಭಯ ಇನ್ನೂ ಜಾಸ್ತಿ. ನುಂಗದೆ ಬಿಟ್ಟ ಮಾತ್ರೆ, ಖಾಲಿ ಫ್ರಿಜ್ಜು ಕ್ಯಾಮೆರಾಗೆ ಕಾಣುವುದಿಲ್ಲ. ಮನೆಗೇ ಬನ್ನಿ ಎಂದು ಕೇಳಲು ಸಂಕೋಚ ಬೇಡ. ನಾಲ್ಕೈದು ಜನ ಹಂಚಿಕೊಂಡಿರುವ ಮನೆಯಲ್ಲಿ ಇರುವ ವಿದ್ಯಾರ್ಥಿಗಳು ಇಯರ್‌ಫೋನ್ ಹಾಕಿಕೊಳ್ಳಿ. ರೂಮಿನಲ್ಲಿ ಬಿಡುವಾಗಿ ಮಾತಾಡಲು ಆಗದಿದ್ದರೆ ಅದನ್ನೂ ಹೇಳಿ.

ಇನ್ನು ಊರಿನವರ ವಿಷಯ. ರೋಗಿ ವಯಸ್ಕರಾದರೆ, ಅವರ ಒಪ್ಪಿಗೆ ಇಲ್ಲದೆ ಟೀಮು ಸಾಮಾನ್ಯವಾಗಿ ಅಪ್ಪ ಅಮ್ಮನಿಗೂ ವಿವರ ಕೊಡುವುದಿಲ್ಲ. ಆದರೆ ನೀವು ಕಂಡದ್ದನ್ನು ಹೇಳಿದರೆ ಕೇಳಿಸಿಕೊಳ್ಳಲು ಅಡ್ಡಿಯಿಲ್ಲ. ಮಗಳು ಒಪ್ಪಿದರೆ, ಕುವೆಂಪುನಗರದಲ್ಲಿರುವ ಅಮ್ಮನನ್ನೂ ಡಾಕ್ಟರ ವಿಡಿಯೋ ಕಾಲ್‌ಗೆ ಸೇರಿಸಿಕೊಳ್ಳಿ ಎಂದು ಕೇಳಬಹುದು. ಇಂಗ್ಲೆಂಡಿನ ಬೆಳಗಿನ ಹೊತ್ತು ಗೊತ್ತು ಮಾಡಿಕೊಳ್ಳಿ. ಚಳಿಗಾಲದಲ್ಲಿ ಮೈಸೂರು ಐದೂವರೆ ಗಂಟೆ ಮುಂದಿರುತ್ತದೆ, ಬೇಸಿಗೆಯಲ್ಲಿ ನಾಲ್ಕೂವರೆ. ಹೇಳದೆ ಕೇಳದೆ ರೂಮಿಗೆ ಕ್ಯಾಮೆರಾ ಹಾಕಿ ಊರಿಂದ ಇಪ್ಪತ್ನಾಲ್ಕು ಗಂಟೆ ನೋಡುವುದು ಮಾತ್ರ ಬೇಡವೇ ಬೇಡ. ನಂಬಿಕೆ ಹೋದರೆ ಮಾತ್ರೆಯೂ ಹೊಟ್ಟೆಗೆ ಹೋಗುವುದಿಲ್ಲ.

ಊರಿನ ಪರಿಚಯದ ಡಾಕ್ಟರಿಗೆ ವಾಟ್ಸಾಪ್ ಮಾಡಿ ಡೋಸ್ ಬದಲಾಯಿಸಿಕೊಳ್ಳುವುದು ನಮ್ಮಲ್ಲಿ ಮಾಮೂಲು. ಇಲ್ಲಿ ಅದು ಅಪಾಯ. ಎರಡು ಕಡೆಯ ಮಾತ್ರೆ ಒಟ್ಟಿಗೆ ಸೇರಬಹುದು. ಭಾರತದ ಚೀಟಿಗೆ ಇಲ್ಲಿಯ ಫಾರ್ಮಸಿಯಲ್ಲಿ ಔಷಧಿಯೂ ಸಿಗುವುದಿಲ್ಲ. ಆ ಡಾಕ್ಟರಿಂದ ಬೇಕಾಗಿರುವುದು ಹಳೆಯ ವಿವರ: ಯಾವ ಕಾಯಿಲೆ, ಯಾವ ಔಷಧಿ ಒಗ್ಗಿತು, ಯಾವುದು ಒಗ್ಗಲಿಲ್ಲ. ಡಿಸ್ಚಾರ್ಜ್ ಸಮ್ಮರಿ, ಮಾತ್ರೆ ಸ್ಟ್ರಿಪ್ ಎರಡರ ಫೋಟೋ ಫೋನಿನಲ್ಲಿರಲಿ. ಸ್ಟ್ರಿಪ್ಪಿನಲ್ಲಿ ಕಂಪನಿ ಕೊಟ್ಟ ಹೆಸರಲ್ಲ, ಔಷಧಿಯ ಹೆಸರು ಮತ್ತು ಮಿಲಿಗ್ರಾಂ ಕಾಣಬೇಕು.

ದುಡ್ಡಿನ ಮಾತು. ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ (ಎನ್‌ಎಚ್‌ಎಸ್ ಬಳಸಲು ಮೊದಲೇ ಕಟ್ಟುವ ಶುಲ್ಕ) ಕಟ್ಟಿದವರಿಗೆ ಕ್ರೈಸಿಸ್ ಟೀಮಿಗೆಂದು ಬೇರೆ ಬಿಲ್ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಜಿ.ಪಿ., ಅಂದರೆ ನಾವು ಹೆಸರು ನೋಂದಾಯಿಸಿಕೊಳ್ಳುವ ಸ್ಥಳೀಯ ಡಾಕ್ಟರು, ಬರೆದುಕೊಟ್ಟ ಮಾತ್ರೆಗೆ ಸಾಮಾನ್ಯವಾಗಿ ಐಟಂಗೆ ಇಷ್ಟು ಎಂದು ಚಾರ್ಜ್ ಇದೆ. ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನ ಕಥೆ ಬೇರೆ. ಜಿ.ಪಿ. ಹತ್ತಿರ ತೋರಿಸುವುದು, ಎ ಅಂಡ್ ಇ (ಆಸ್ಪತ್ರೆಯ ತುರ್ತು ವಿಭಾಗ) ಎರಡೂ ಉಚಿತ. ಅದರಾಚೆಗೆ ಬಿಲ್ ಬರಬಹುದು. ಊರು ಬಿಡುವ ಮೊದಲೇ ಇನ್ಶೂರೆನ್ಸ್ ಪಾಲಿಸಿಯಲ್ಲಿ ಮಾನಸಿಕ ಕಾಯಿಲೆ ಸೇರಿದೆಯಾ ಓದಿ ನೋಡಿ. ಏಜೆಂಟ್ ಮಾತು ಸಾಲದು.

ಟೀಮು ತನ್ನ ಚಿಕಿತ್ಸೆ ಮುಗಿಸುವಾಗ ಜಿ.ಪಿ.ಗೆ ಪತ್ರ ಬರೆಯುತ್ತದೆ. ಪ್ರತಿ ಕೇಳಿ ಪಡೆಯಿರಿ. ಮೈಸೂರಿಗೆ ಹೋದಾಗ ಅಲ್ಲಿಯ ಡಾಕ್ಟರಿಗೆ ತೋರಿಸಲು ಅದು ಬೇಕಾಗುತ್ತದೆ. ಕಾಯಿಲೆಯವರು ಊರಲ್ಲಿದ್ದು ನೀವು ಇಲ್ಲಿದ್ದರೆ, ಮನೆಯಲ್ಲಿರುವವರಿಗೆ ಭಾರತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದಿಟ್ಟುಕೊಳ್ಳಲು ಹೇಳಿ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ದಿನವಿಡೀ ಉಚಿತ, ಕನ್ನಡದಲ್ಲೇ ಮಾತಾಡಬಹುದು.