ಮಾಂತ್ರಿಕನೊಬ್ಬನೇ ಆಡಬಾರದು: ಮ್ಯಾಜಿಕ್ ನಿಯಮ ಬರೆದ ನನ್ನ ಅನುಭವ

ಟೇಬಲ್‌ಟಾಪ್ ಆರ್‌ಪಿಜಿ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಎಸೆದು ಕಥೆ ಕಟ್ಟುವ ಆಟ. ಅದರಲ್ಲಿ ಮ್ಯಾಜಿಕ್ ಬ್ಯಾಲೆನ್ಸ್ (ಮಾಂತ್ರಿಕನ ಬಲ ಉಳಿದವರ ಬಲಕ್ಕೆ ಸರಿದೂಗುವುದು) ಅಂದ ಕೂಡಲೇ ಎಲ್ಲರೂ ಡ್ಯಾಮೇಜ್, ಅಂದರೆ ಶತ್ರುವಿಗೆ ಬೀಳುವ ಪೆಟ್ಟಿನ ಲೆಕ್ಕಕ್ಕೆ ಇಳಿಯುತ್ತಾರೆ. ನಮ್ಮ ಗುಂಪಿಗೆ ಸ್ವಂತ ನಿಯಮ ಬರೆಯಲು ಕೂತಾಗ ನಾನು ಮೊದಲು ಗಮನಿಸಿದ್ದು, ಆಟದ ಮಧ್ಯೆ ಯಾರು ಸುಮ್ನೆ ಕೂತಿರುತ್ತಾರೆ ಅನ್ನೋದನ್ನ. ಏನೇ ತೊಂದರೆ ಬಂದರೂ ಎಲ್ಲರೂ ಮಾಂತ್ರಿಕನ ಮುಖ ನೋಡುತ್ತಾರೆ ಅಂದರೆ, ಅಲ್ಲಿಗೆ ಆಟ ಅವನೊಬ್ಬನದಾಯಿತು.

ಈ ತಲೆನೋವು ಹಳೆಯದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಇಂಥದೇ ಆಟ ತಂದ ಕಾಲದಿಂದಲೂ ಅದರಲ್ಲಿ ಮಂತ್ರಗಳಿಗೆ ಲೆಕ್ಕವಿದೆ. ಇಷ್ಟು ಮಂತ್ರ, ಮುಗಿದರೆ ವಿಶ್ರಾಂತಿ. ಆದರೆ ಆಟಗಾರರು ಜಾಣರು. ಮೊದಲ ಕಾಳಗದಲ್ಲೇ ಇದ್ದದ್ದೆಲ್ಲ ಸುರಿದು, "ಇವತ್ತಿಗೆ ಸಾಕು, ಮಲಗೋಣ" ಅಂತಾರೆ. ಅದಕ್ಕೇ ನನಗೆ ಮುಂಚೆಯೇ ಎಣಿಸಲಾಗದ ಖರ್ಚು ಬೇಕಿತ್ತು.

ಶುರುವಿನ ಮಾಂತ್ರಿಕನಿಗೆ 4 ದಾಳ ಕೊಟ್ಟೆ, ಮಾಮೂಲಿ ಆರು ಮುಖದವು. ಒಂದು ಮಂತ್ರಕ್ಕೆ ಎಷ್ಟು ದಾಳ ಎಸೆಯಬೇಕು ಅನ್ನೋದು ಅವನಿಷ್ಟ. ಬಿದ್ದ ಅಂಕಿಗಳ ಮೊತ್ತವೇ ಮಂತ್ರದ ಬಲ. 1, 2, 3 ತೋರಿಸಿದ ದಾಳ ಕೈಗೆ ವಾಪಸ್. 4, 5, 6 ತೋರಿಸಿದ್ದು ನಿದ್ದೆ ಆಗುವವರೆಗೆ ಸಿಗಲ್ಲ. ಇಂಥ ದಾಳದ ರಾಶಿ ನಾನು ಕಂಡುಹಿಡಿದದ್ದೇನಲ್ಲ, ಸ್ವಂತ ನಿಯಮ ಬರೆಯುವವರ ನಡುವೆ ಮೊದಲಿನಿಂದ ಓಡಾಡುತ್ತಿದೆ. ಮಂತ್ರ ಜೋರಾಗಿ ಬಂದರೆ ದಾಳ ಹೋಗುತ್ತದೆ, ಸಪ್ಪೆಯಾದರೆ ಉಳಿಯುತ್ತದೆ. ಈ ಒಂದು ಗುಣಕ್ಕೇ ನಾನು ಮನಸೋತದ್ದು.

ಲೆಕ್ಕ ಹೀಗೆ. ಪ್ರತಿ ಎಸೆತದಲ್ಲೂ ದಾಳ ಹೋಗುವ ಸಾಧ್ಯತೆ ಅರ್ಧಕ್ಕರ್ಧ, ಹಾಗಾಗಿ ಒಂದೊಂದು ದಾಳ ಸರಾಸರಿ 2 ಸಲ ಉರುಳುತ್ತದೆ. 4 ದಾಳಕ್ಕೆ 8 ಉರುಳು, ಪ್ರತಿ ಉರುಳಿಗೆ 3.5, ದಿನಕ್ಕೆ ಸುಮಾರು 28 ಡ್ಯಾಮೇಜ್. ಇನ್ನು ನಮ್ಮ ಯೋಧನ ಕತ್ತಿಗೆ ಎಂಟು ಮುಖದ ದಾಳ, ಬಿದ್ದ ಅಂಕಿಯ ಮೇಲೆ ಇನ್ನೂ 3. ತಾಗಿದರೆ ಸರಾಸರಿ 7.5. ನೂರಕ್ಕೆ 60 ಸಲ ತಾಗುತ್ತದೆ ಅಂತಿಟ್ಟುಕೊಂಡರೆ ಸರದಿಗೆ 4.5. ದಿನಕ್ಕೆ 3 ಕಾಳಗ, ಒಂದೊಂದಕ್ಕೆ 4 ಸರದಿ ಅಂದ್ರೆ 54.

ಮಾಂತ್ರಿಕನಿಗೆ ಅರ್ಧವೇ ಸಿಕ್ಕಿತು. ನಾನು ಬೇಕೆಂದೇ ಹಾಗೆ ಬಿಟ್ಟೆ. ಅವನ ಮಂತ್ರ ಗುರಿ ತಪ್ಪುವುದಿಲ್ಲ, ಬೇಕಾದ ಹೊತ್ತಿಗೆ ಒಟ್ಟಿಗೆ ಸುರಿಯಬಹುದು. ಅದೇ ದಾಳಗಳಲ್ಲಿ ಹೊಗೆ ಎಬ್ಬಿಸಬಹುದು, ಕುಸಿಯುವ ಸೇತುವೆಯನ್ನ ಒಂದು ಗಳಿಗೆ ಎತ್ತಿ ಹಿಡಿಯಬಹುದು. ಕತ್ತಿಯಿಂದ ಇದೆಲ್ಲ ಆಗುತ್ತಾ?

ಒಟ್ಟಿಗೆ ಸುರಿಯುವುದಕ್ಕೆ ಕಡಿವಾಣ ಇದ್ದೇ ಇರಬೇಕು. ಒಂದೇ ಎಸೆತದಲ್ಲಿ ಎರಡು ದಾಳ ಒಂದೇ ಅಂಕಿ ತೋರಿಸಿದರೆ ಮಂತ್ರ ಫಲಿಸುತ್ತದೆ, ಜೊತೆಗೆ ಒಂದು ಎಡವಟ್ಟೂ ಆಗುತ್ತದೆ. ಒಂದು ದಾಳಕ್ಕೆ ಅಪಾಯವೇ ಇಲ್ಲ. 2 ದಾಳ ಎಸೆದರೆ ನೂರಕ್ಕೆ ಸುಮಾರು 17, 3ಕ್ಕೆ 44, 4ಕ್ಕೆ 72. ಈ ಏರಿಕೆಯನ್ನ ಯಾವ ಪಟ್ಟಿಯಲ್ಲೂ ಬರೆದಿಟ್ಟಿಲ್ಲ. ನಾಲ್ಕನೇ ದಾಳ ಕೈಗೆತ್ತಿಕೊಳ್ಳುವಾಗಲೇ ಆಟಗಾರನಿಗೆ ಅದು ಗೊತ್ತಾಗುತ್ತದೆ. ಎಡವಟ್ಟಿನಿಂದ ಯಾರೂ ಸಾಯುವುದಿಲ್ಲ, ಸನ್ನಿವೇಶ ಮಾತ್ರ ತಿರುಗುತ್ತದೆ. ಬೆಂಕಿಯ ಮಂತ್ರ ಹಾಕಿದರೆ ಸುತ್ತಲಿನ ದೀಪಗಳೆಲ್ಲ ಆರಿಹೋಗಬಹುದು. ಗಾಳಿಯ ಮಂತ್ರ ಹಾಕಿದವನ ದನಿಯೇ ಒಂದು ಗಂಟೆ ಹೋಗಬಹುದು. ಏನಾಯಿತು ಅಂತ ಹೇಳುವ ಹಕ್ಕನ್ನ ಪಕ್ಕದಲ್ಲಿ ಕೂತ ಆಟಗಾರನಿಗೆ ಕೊಟ್ಟೆ. ಈಗ ಮಾಂತ್ರಿಕನ ಸರದಿಯಲ್ಲಿ ಯಾರೂ ಫೋನ್ ನೋಡಲ್ಲ.

ಡ್ಯಾಮೇಜ್‌ಗಿಂತ ಜಾಸ್ತಿ ತಲೆ ತಿಂದದ್ದು ಬೀಗ. ಒಂದು ಮಂತ್ರಕ್ಕೆ ಬೀಗ ತೆರೆದುಕೊಂಡರೆ ಕಳ್ಳನ ಪಾತ್ರ ಮಾಡುವವನು ಯಾಕೆ ಬರಬೇಕು? ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಆವೃತ್ತಿಯಲ್ಲಿ ಬೀಗ ತೆರೆಯುವ ಮಂತ್ರ 300 ಅಡಿ ದೂರಕ್ಕೆ ಕೇಳುವಷ್ಟು ಸದ್ದು ಮಾಡುತ್ತದೆ. ಬಾಗಿಲೂ ತೆರೆಯುತ್ತದೆ, ಕಾವಲಿನವರೂ ಏಳುತ್ತಾರೆ. ಒಳ್ಳೆಯ ಉಪಾಯ ಅಲ್ವಾ? ನಾನು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟೆ. ನನ್ನ ಮಂತ್ರಕ್ಕೆ ಸುತ್ತ 30 ಅಡಿಯೊಳಗಿನ ಬೀಗಗಳೆಲ್ಲ ತೆರೆದುಕೊಳ್ಳುತ್ತವೆ. ಈ ಒಂದು ಬೀಗ ಮಾತ್ರ ಸಾಕು ಅಂತ ಆರಿಸುವ ಹಾಗಿಲ್ಲ.

ಒಂದು ಸೆಷನ್‌ನಲ್ಲಿ ನಮ್ಮ ಆಟಗಾರರು ನೆಲದಡಿಯ ಸೆರೆಮನೆಗೆ ಬಂದರು. ಬಿಡಿಸಬೇಕಿದ್ದದ್ದು ಒಬ್ಬಳನ್ನು. ಮಾಂತ್ರಿಕ ದಾಳ ಕೈಗೆ ತಗೊಂಡ. ಕಳ್ಳನ ಪಾತ್ರದವನು ಅವನ ಕೈ ಹಿಡಿದ. "ಇರಪ್ಪ, ಕೊನೇ ಕೋಣೆಯಲ್ಲಿ ಏನೋ ಉಸಿರಾಡ್ತಿದೆ. ಅದೂ ಹೊರಗೆ ಬರುತ್ತೆ." ದಾಳ ಕೆಳಗಿಟ್ಟರು, ಕಳ್ಳ ತನ್ನ ತಂತಿ ತೆಗೆದ. ವಾಪಸ್ ಬರುವಾಗ ಕಾವಲಿನವರು ಮುತ್ತಿದರು. ಆಗ ಅದೇ ಮಂತ್ರವನ್ನ ಬೇಕೆಂದೇ ಹಾಕಿ, ಎಲ್ಲ ಕೋಣೆ ತೆರೆದು, ಆ ಗಲಾಟೆಯಲ್ಲಿ ಓಡಿದರು. ಒಂದು ನಿಯಮದಿಂದ ಇಬ್ಬರಿಗೂ ಕೆಲಸ ಸಿಕ್ಕಿತು. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

"ಮಲಗೋಣ" ಅನ್ನುವುದಕ್ಕೂ ಒಂದು ಸಣ್ಣ ನಿಯಮ ಸಾಕಾಯಿತು. ಶತ್ರುವಿನ ಜಾಗದಲ್ಲಿ ಮಲಗಿದರೆ 1 ದಾಳ ಮಾತ್ರ ವಾಪಸ್. ಎಲ್ಲವೂ ಬೇಕಿದ್ದರೆ ಸುರಕ್ಷಿತ ಜಾಗಕ್ಕೆ ಮರಳಬೇಕು, ಅಷ್ಟರಲ್ಲಿ ಶತ್ರುವೂ ಸುಮ್ಮನಿರುವುದಿಲ್ಲ.

ಹೊಸ ಮಂತ್ರ ಸೇರಿಸುವಾಗ ನಾನು ಮೊದಲು ಕೇಳಿಕೊಳ್ಳುವುದು ಇದು ಯಾರ ಕೆಲಸ ಕಿತ್ತುಕೊಳ್ಳುತ್ತದೆ ಅಂತ. ಹಾರುವ ಮಂತ್ರವನ್ನ ಈ ಪ್ರಶ್ನೆಯೇ ಹೊರಗಿಟ್ಟಿತು. ಸದ್ಯ ಗಾಯ ಗುಣಪಡಿಸುವ ಮಂತ್ರಗಳ ಮೇಲೆ ಕೂತಿದ್ದೇನೆ. ಮೊತ್ತವನ್ನ ಪೂರ್ತಿ ಗಾಯಕ್ಕೆ ಕೊಟ್ಟರೆ ಕಾಳಗ ಎಳೆಯುತ್ತಲೇ ಹೋಗುತ್ತದೆ, ಅರ್ಧ ಕೊಟ್ಟರೆ ಅದಕ್ಕೆ ಯಾರೂ ದಾಳ ಹಾಕಲ್ಲ. ವಾಸಿಯಾದ ಗಾಯದ ಅರ್ಧ ಮಂತ್ರ ಹಾಕಿದವನ ಮೈಗೆ ಬರಲಿ ಅಂತ ಬರೆದು ಆಡಿಸುತ್ತಿದ್ದೇನೆ.