ಸ್ತನದ ಗಂಟಿನ ಬಯಾಪ್ಸಿ: ರಿಸೆಪ್ಟರ್ ವರದಿ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಸ್ತನ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಔಷಧ ಯಾವುದೆಂದು ತೀರ್ಮಾನವಾಗುವುದು ಇಆರ್ (ಈಸ್ಟ್ರೋಜೆನ್ ರಿಸೆಪ್ಟರ್), ಪಿಆರ್ (ಪ್ರೊಜೆಸ್ಟೆರಾನ್ ರಿಸೆಪ್ಟರ್), ಹರ್-2 ಎಂಬ ಮೂರು ಪರೀಕ್ಷೆಗಳ ಮೇಲೆ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಪಾವಗಡದ ಕಡೆ ಗಂಟಿನಿಂದ ಬಯಾಪ್ಸಿ ಮಾಡಿ ತೆಗೆದ ತುಣುಕು ಈ ಪರೀಕ್ಷೆಗೆ ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಪ್ರಯಾಣ ಮಾಡಬೇಕು. ವರದಿ ಹಾಳಾಗುವುದು ಹೆಚ್ಚಾಗಿ ಆ ಪ್ರಯಾಣದಲ್ಲಿ, ಅದಕ್ಕೂ ಮುಂಚೆ ಬಾಟಲಿಯಲ್ಲಿ. ಇಆರ್ ಇದ್ದೂ ‘ನೆಗೆಟಿವ್’ ಎಂದು ಬಂದರೆ ಟಾಮಾಕ್ಸಿಫೆನ್‌ನಂಥ ಅಗ್ಗದ, ವರ್ಷಗಟ್ಟಲೆ ಕಾಪಾಡುವ ಮಾತ್ರೆ ಆ ಹೆಣ್ಣುಮಗಳ ಕೈತಪ್ಪುತ್ತದೆ.

ಈ ಪರೀಕ್ಷೆ ಹುಡುಕುವುದು ಜೀವಕೋಶದ ರಿಸೆಪ್ಟರ್ ಪ್ರೋಟೀನುಗಳನ್ನು, ಅಂದರೆ ಹೊರಗಿನಿಂದ ಬರುವ ಸಂದೇಶ ಹಿಡಿಯುವ ಪ್ರೋಟೀನುಗಳನ್ನು. ಅವು ಇರುವ ಕಡೆ ಬಣ್ಣ ಹಿಡಿಯುತ್ತದೆ. ಇಆರ್ ಇರುವುದು ಕೋಶದ ನ್ಯೂಕ್ಲಿಯಸ್ಸಿನಲ್ಲಿ. ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು ಬಂದು ಅಂಟಿಕೊಂಡಾಗ ಇಆರ್ ಡಿಎನ್‌ಎ ಮೇಲೆ ಕೂತು ಕೋಶ ವಿಭಜನೆಯ ಜೀನುಗಳನ್ನು ಎಬ್ಬಿಸುತ್ತದೆ. ಪಿಆರ್ ತಯಾರಾಗುವುದೂ ಇಆರ್ ಆಣತಿಯಿಂದಲೇ. ಹಾಗಾಗಿ ಪಿಆರ್ ಕಂಡರೆ ಇಆರ್ ಕೆಲಸ ಮಾಡುತ್ತಿದೆ ಎನ್ನಬಹುದು. ಹರ್-2 ಇರುವುದು ಕೋಶದ ಹೊರಪೊರೆಯಲ್ಲಿ. ಅದಕ್ಕೆ ತನ್ನದೇ ಆದ ಹಾರ್ಮೋನು ಇಲ್ಲ. ನ್ಯೂರೆಗುಲಿನ್ ಎಂಬ ಪ್ರೋಟೀನು ಪಕ್ಕದ ಹರ್-3 ಎಂಬ ಸೋದರ ರಿಸೆಪ್ಟರಿಗೆ ಅಂಟಿದಾಗ ಹರ್-2 ಅದರೊಂದಿಗೆ ಜೋಡಿಯಾಗಿ ‘ಬೆಳೆ’ ಎಂಬ ಸಂದೇಶ ಕಳಿಸುತ್ತದೆ. ಹರ್-2 ಜೀನಿನ ಪ್ರತಿಗಳು ವಿಪರೀತವಾದರೆ ರಿಸೆಪ್ಟರುಗಳು ಕಿಕ್ಕಿರಿದು, ಯಾರೂ ಹೇಳದೆಯೇ ತಮ್ಮತಮ್ಮಲ್ಲೇ ಜೋಡಿಯಾಗುತ್ತವೆ. ಇದೇ ನ್ಯೂರೆಗುಲಿನ್ ಪ್ರಯೋಗಾಲಯದಲ್ಲಿ ಕೆಲವು ಸ್ತನ ಕ್ಯಾನ್ಸರ್ ಕೋಶಗಳ ಬೆಳವಣಿಗೆ ನಿಲ್ಲಿಸಿ, ಅವು ಹಾಲಿನ ಪ್ರೋಟೀನು ತಯಾರಿಸುವಷ್ಟು ಪಕ್ವವಾಗುವಂತೆಯೂ ಮಾಡಿದೆ. ಬಂದು ಅಂಟುವ ಪ್ರೋಟೀನು ಒಂದೇ ಆದರೂ ಫಲ ಕೋಶದಿಂದ ಕೋಶಕ್ಕೆ ಬೇರೆ. ಯಾವ ರಿಸೆಪ್ಟರ್ ಇದೆ ಎಂಬುದೂ ಗಂಟಿನಿಂದ ಗಂಟಿಗೆ ಬೇರೆ. ಆದ್ದರಿಂದಲೇ ಪ್ರತಿ ರೋಗಿಯ ಗಂಟನ್ನೂ ಪರೀಕ್ಷಿಸಬೇಕು.

ಹೆಜ್ಜೆ 1. ದಪ್ಪ ಸೂಜಿಯಿಂದ ತುಣುಕು ತೆಗೆಯುವ ಕೋರ್ ಬಯಾಪ್ಸಿಯನ್ನೇ ಕೇಳಿ. ಸಣ್ಣ ಸೂಜಿಯಿಂದ ಬಿಡಿ ಕೋಶಗಳನ್ನಷ್ಟೇ ಹೀರುವ ಎಫ್‌ಎನ್‌ಎಸಿ ಇದಕ್ಕೆ ಸಾಲದು. ಗಂಟನ್ನು ಪೂರ್ತಿ ಕತ್ತರಿಸಿ ತೆಗೆದ ಮೇಲೆ ಪರೀಕ್ಷೆ ಮಾಡಿಸೋಣ ಎನ್ನುವುದೂ ಬೇಡ. ದಾರದಂಥ ಸಣ್ಣ ತುಣುಕಿಗೆ ಫಾರ್ಮಲಿನ್ (ತುಣುಕು ಕೆಡದಂತೆ ಕಾಯುವ ದ್ರಾವಣ) ಬೇಗ ಇಳಿಯುತ್ತದೆ, ಔಷಧದ ಯೋಜನೆಯೂ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಸಿದ್ಧವಾಗುತ್ತದೆ.

ಹೆಜ್ಜೆ 2. ತೆಗೆದ ತುಣುಕು ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳಬೇಕು. ಹೆಚ್ಚಿನ ತಪ್ಪು ನಡೆಯುವುದು ಇಲ್ಲೇ. ರಕ್ತ ಹರಿಯುವುದು ನಿಂತ ಕ್ಷಣದಿಂದ ರಿಸೆಪ್ಟರುಗಳು ಕರಗತೊಡಗುತ್ತವೆ. ಪಿಆರ್ ಮೊದಲು ಹೋಗುವುದೇ ಹೆಚ್ಚು. ಸಲೈನ್‌ನಲ್ಲಿ ಹಾಕಿಟ್ಟರೆ ತುಣುಕು ಕೊಳೆಯುತ್ತದೆ, ಸ್ಪಿರಿಟ್‌ನಲ್ಲಿ ಹಾಕಿದರೆ ಪರೀಕ್ಷೆಯ ಬಣ್ಣ ನಂಬುವಂತಿರುವುದಿಲ್ಲ. ಬೇಕಾದ್ದು 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್. ಇದನ್ನು ಸಿದ್ಧವಾಗಿಯೇ ಕೊಂಡುಕೊಳ್ಳಿ. ಅನಿವಾರ್ಯವಾದರೆ 100 ಮಿಲಿ ನೀರು ಬೆರೆಸದ ಗಾಢ ಫಾರ್ಮಲಿನ್ (37–40% ಫಾರ್ಮಾಲ್ಡಿಹೈಡ್), 900 ಮಿಲಿ ಡಿಸ್ಟಿಲ್ಡ್ ನೀರು, 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್, 6.5 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಬೆರೆಸಿ. ಬರಿ ನಲ್ಲಿ ನೀರು ಬೆರೆಸುವ ಅಡ್ಡದಾರಿ ಬೇಡವೇ ಬೇಡ. ಬಫರ್ ಇಲ್ಲದ ಫಾರ್ಮಲಿನ್ ದಿನ ಕಳೆದಂತೆ ಹುಳಿಯೇರುತ್ತದೆ. ಡಬ್ಬದ ತಳದಲ್ಲಿ ಬಿಳಿ ಗಸಿ ಕಂಡ ಹಳೆಯ ಫಾರ್ಮಲಿನ್ ಬಳಸಬೇಡಿ. ಕೈಗವಸು ಹಾಕಿ, ಕಿಟಕಿ ತೆರೆದಿಟ್ಟು ಕೆಲಸ ಮಾಡಿ. ಇದರ ಹೊಗೆ ಒಳ್ಳೆಯದಲ್ಲ.

ತುಣುಕಿನ ಹತ್ತು ಪಟ್ಟು ದ್ರವ ಇರಬೇಕು, ಬಾಟಲಿಯ ಬಾಯಿ ಅಗಲವಿರಬೇಕು. ಇಡೀ ಸ್ತನ ತೆಗೆದಾಗಲಂತೂ ಮುಳುಗಿಸಿಟ್ಟರೆ ಸಾಲದು: ಫಾರ್ಮಲಿನ್ ಒಳಗಿಳಿಯುವುದು ಗಂಟೆಗೆ ಸುಮಾರು 1 ಮಿಮೀ ಮಾತ್ರ. ಹೊರಗೆ ಗಟ್ಟಿಯಾಗಿ ಕಂಡರೂ ನಡುವಿನ ಗೆಡ್ಡೆ ಹಸಿಯಾಗಿಯೇ ಕೆಡುತ್ತಿರುತ್ತದೆ. ಪೆಥಾಲಜಿಸ್ಟ್ (ತುಣುಕನ್ನು ಪರೀಕ್ಷಿಸುವ ವೈದ್ಯರು) ಜೊತೆ ಮೊದಲೇ ಮಾತಾಡಿ, ಅಂಚುಗಳಿಗೆ ಇಂಕ್ ಹಚ್ಚಿದ ಮೇಲೆ ಹಿಂಭಾಗದಿಂದ 5 ಮಿಮೀಗೊಂದರಂತೆ ಸೀಳಬೇಕು. ಎಣ್ಣೆಗಾಯಿಗೆ ಬದನೆ ಸೀಳುವ ಹಾಗೆ, ಚರ್ಮದ ಕಡೆ ಬಿಡಿಸದೆ. ಇದು ಸರ್ಜನ್ ಅಥವಾ ಪೆಥಾಲಜಿಸ್ಟ್ ಮಾಡುವ ಕೆಲಸ, ಅಟೆಂಡರ್‌ಗೆ ಬಿಡಬಾರದು.

ಹೆಜ್ಜೆ 3. ಹೆಸರು, ವಯಸ್ಸು, ಎಡವೋ ಬಲವೋ, ತೆಗೆದ ಹೊತ್ತು, ಫಾರ್ಮಲಿನ್‌ಗೆ ಹಾಕಿದ ಹೊತ್ತು, ಎಲ್ಲವನ್ನೂ ಚೀಟಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದು ಬಾಟಲಿಯ ಮೈಗೆ ಅಂಟಿಸಿ. ಮುಚ್ಚಳದ ಮೇಲೆ ಬೇಡ, ಮುಚ್ಚಳ ಅದಲುಬದಲಾಗುತ್ತದೆ.

ಹೆಜ್ಜೆ 4. ಫಾರ್ಮಲಿನ್‌ನಲ್ಲಿ ಕನಿಷ್ಠ 6, ಗರಿಷ್ಠ 72 ಗಂಟೆ. ಶುಕ್ರವಾರ ಸಂಜೆ ತೆಗೆದದ್ದಕ್ಕೆ ಸೋಮವಾರ ಸಂಜೆಯೇ ಗಡುವು, ಆದ್ದರಿಂದ ವಾರದ ಆರಂಭದಲ್ಲಿ ಬಯಾಪ್ಸಿ ಮಾಡಿಸುವುದೇ ಸರಿ. ‘ನಾಳೆಯೇ ರಿಪೋರ್ಟ್ ಬೇಕು’ ಎಂದು ಲ್ಯಾಬಿನವರನ್ನು ಅವಸರಪಡಿಸಬೇಡಿ. 6 ಗಂಟೆ ತುಂಬುವ ಮುಂಚೆ ಪ್ರೊಸೆಸರ್‌ಗೆ (ತುಣುಕಿನ ನೀರು ತೆಗೆದು ಮೇಣ ತುಂಬುವ ಯಂತ್ರಕ್ಕೆ) ಹೋದ ತುಣುಕನ್ನು ಅಲ್ಲಿನ ಆಲ್ಕೋಹಾಲ್ ಗಟ್ಟಿ ಮಾಡುತ್ತದೆ, ಇಆರ್ ಸುಳ್ಳಾಗಿ ನೆಗೆಟಿವ್ ಬರಬಹುದು. ಸಾಗಿಸುವಾಗ ಮಂಜುಗಡ್ಡೆ ಬೇಡ, ಎರಡು ಕವರ್ ಸಾಕು.

ಹೆಜ್ಜೆ 5. ವರದಿ ಓದುವುದು. ಬಣ್ಣ ಹಿಡಿದ ಕ್ಯಾನ್ಸರ್ ಕೋಶಗಳು 1%ಕ್ಕಿಂತ ಕಡಿಮೆ ಇದ್ದರೆ ಇಆರ್ ನೆಗೆಟಿವ್. 1ರಿಂದ 10% ‘ಲೋ ಪಾಸಿಟಿವ್’, ಅದನ್ನು ನೆಗೆಟಿವ್ ಎಂದು ಬದಿಗಿಡಬಾರದು. ಹರ್-2ರಲ್ಲಿ ಬಣ್ಣದ ಅಂಕ 0 ಮತ್ತು 1+ ಇದ್ದರೆ ನೆಗೆಟಿವ್, 3+ ಪಾಸಿಟಿವ್. 2+ ಬಂದರೆ ಉತ್ತರ ಇನ್ನೂ ಸಿಕ್ಕಿಲ್ಲ ಎಂದರ್ಥ, ಹರ್-2 ಜೀನಿನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆ ಮಾಡಿಸಲೇಬೇಕು. ಖರ್ಚು ಉಳಿಸಲು ಇಲ್ಲಿಗೇ ನಿಲ್ಲಿಸುವುದು ಅತಿ ದುಬಾರಿಯ ತಪ್ಪು.

ಇಆರ್ ನೆಗೆಟಿವ್ ಬಂದಾಗ ಎರಡು ವಿಷಯ ಕೇಳಿ. ಅದೇ ಸ್ಲೈಡಿನ ಆರೋಗ್ಯವಂತ ಹಾಲಿನ ನಾಳಗಳು ಬಣ್ಣ ಹಿಡಿದಿವೆಯೇ? ಅವೂ ಹಿಡಿಯದಿದ್ದರೆ ಕೆಟ್ಟದ್ದು ಪರೀಕ್ಷೆ. ಗ್ರೇಡ್, ಅಂದರೆ ಕೋಶಗಳ ರೂಪ ಎಷ್ಟು ಕೆಟ್ಟಿದೆ ಎಂಬ ಅಂಕ, ಎಷ್ಟು? ಗ್ರೇಡ್ 1 ಎಂದರೆ ಕೋಶಗಳು ಇನ್ನೂ ನಾಳದ ಆಕಾರ ಬಿಟ್ಟಿಲ್ಲ. ಅಂಥ ಗೆಡ್ಡೆಯಲ್ಲಿ ಸಾಮಾನ್ಯವಾಗಿ ಇಆರ್ ಇರುತ್ತದೆ. ಗ್ರೇಡ್ 1 ಜೊತೆಗೆ ಇಆರ್ ನೆಗೆಟಿವ್ ಎಂದು ಬಂದ ವರದಿಯನ್ನು ನಂಬದೆ ಇನ್ನೊಂದು ಲ್ಯಾಬಿನಲ್ಲಿ ಮರುಪರೀಕ್ಷೆ ಮಾಡಿಸಿ.

ಮರುಪರೀಕ್ಷೆಗೆ ಬರಿ ಕಾಗದ ಒಯ್ದರೆ ಪ್ರಯೋಜನವಿಲ್ಲ. ರಸೀದಿ ಬರೆದುಕೊಟ್ಟು ಪ್ಯಾರಾಫಿನ್ ಬ್ಲಾಕ್ (ತುಣುಕನ್ನು ಹುದುಗಿಸಿಟ್ಟ ಮೇಣದ ಗಟ್ಟಿ) ಕೇಳಿ ಪಡೆಯಿರಿ. ಬ್ಲಾಕಿನಿಂದ ಕತ್ತರಿಸಿ ಆರು ವಾರ ದಾಟಿದ ಸ್ಲೈಡುಗಳ ಮೇಲೆ ಈ ಪರೀಕ್ಷೆ ಮಾಡಿಸಬಾರದು. ಬೇಸಿಗೆಯಲ್ಲಿ ಬ್ಲಾಕನ್ನು ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬೇಡಿ, ಮೇಣ ಮೆತ್ತಗಾಗುತ್ತದೆ.